ಒಂದೇ ಕೀಟಕ್ಕೆ ಒಂದು ಗಣ ಬೇಕೇ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಮ್ಯಾನ್ಮಾರ್‌ನ ಅಂಬರಿನಲ್ಲಿ ತ್ರಿಕೋನಾಕಾರದ ತಲೆಯ ವಿಚಿತ್ರ ಕೀಟವೊಂದು ಸಿಕ್ಕಿದೆ, ಅದಕ್ಕಾಗಿ ವಿಜ್ಞಾನಿಗಳು ಹೊಸ ಗಣವನ್ನೇ ರಚಿಸಿದ್ದಾರೆ ಎಂದು ಓದಿದ್ದೆ. ಅದು ಬೇರೊಂದು ಗುಂಪಿನ ಕೀಟದ ಮರಿಯಷ್ಟೇ ಎಂದು ಈಚೆಗೆ ಇನ್ನೊಂದು ಕಡೆ ಓದಿದೆ. ಗಣದಷ್ಟು ದೊಡ್ಡ ವಿಷಯದಲ್ಲಿಯೇ ಅಭಿಪ್ರಾಯ ಹೀಗೆ ಬದಲಾಗುವುದಾದರೆ, ಪಳೆಯುಳಿಕೆ ಕೀಟಗಳ ವರ್ಗೀಕರಣಕ್ಕೆ ಆಧಾರವಾದರೂ ಏನು? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನೀವು ಓದಿದ್ದು ಈಥಿಯೋಕ್ಯಾರೆನಸ್ ಬರ್ಮಾನಿಕಸ್ ಎಂಬ ಕೀಟದ ವಿಷಯ. (ವರ್ಗೀಕರಣದಲ್ಲಿ ಪ್ರಭೇದಗಳು ಸೇರಿ ಜಾತಿ, ಜಾತಿಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ.) ಮ್ಯಾನ್ಮಾರ್‌ನ ಹುಕಾಂಗ್ ಕಣಿವೆಯ ಅಂಬರಿನಲ್ಲಿ, ಅಂದರೆ ಕಾಲಾಂತರದಲ್ಲಿ ಕಲ್ಲಿನಂತೆ ಗಟ್ಟಿಯಾದ ಮರದ ರಾಳದಲ್ಲಿ, ದೊರೆತ ಇದನ್ನು ಅಮೆರಿಕದ ಜಾರ್ಜ್ ಪಾಯ್ನರ್ ಮತ್ತು ಅಲೆಕ್ಸ್ ಬ್ರೌನ್ 2017ರಲ್ಲಿ ವರ್ಣಿಸಿದರು. ಆ ಅಂಬರಿನ ವಯಸ್ಸು ಸುಮಾರು 9.9 ಕೋಟಿ ವರ್ಷ. ತ್ರಿಕೋನಾಕಾರದ ತಲೆ, ತಲೆಯ ಎರಡು ಮೂಲೆಗಳಲ್ಲಿ ಉಬ್ಬಿದ ಕಣ್ಣುಗಳು, ತೆಳುವಾದ ಉದ್ದನೆಯ ಮೈ, ನೀಳವಾದ ಕಾಲುಗಳು. ರೆಕ್ಕೆ ಇರಲಿಲ್ಲ. ಈ ಲಕ್ಷಣಗಳ ಕೂಟ ತಿಳಿದಿರುವ ಯಾವ ಗಣದಲ್ಲಿಯೂ ಇಲ್ಲವೆಂದು ಅವರು ಅದಕ್ಕೆ ಪ್ರತ್ಯೇಕ ಗಣವನ್ನು ಸೂಚಿಸಿದರು. ಅನ್ಯಗ್ರಹದ ಜೀವಿಯನ್ನು ನೆನಪಿಸುವ ಆ ತಲೆ ಪತ್ರಿಕೆಗಳಿಗೂ ಪ್ರಿಯವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 2016ರಲ್ಲಿ, ಅದೇ ಕಣಿವೆಯ ಅಂಬರಿನಿಂದ ಏಲಿಯನಾಪ್ಟೆರಸ್ ಎಂಬ ರೆಕ್ಕೆಯುಳ್ಳ ಗಂಡುಕೀಟವನ್ನು ಮತ್ತೊಂದು ತಂಡ ವರ್ಣಿಸಿ, ಅದಕ್ಕೂ ಬೇರೆಯೇ ಒಂದು ಗಣವನ್ನು ಸೂಚಿಸಿತ್ತು. ನಂತರ ಈ ಬಗೆಯ ಮಾದರಿಗಳು ಇನ್ನಷ್ಟು ದೊರೆತಂತೆ, ತ್ರಿಕೋನ ತಲೆಯ ಕೀಟವು ಏಲಿಯನಾಪ್ಟೆರಸ್‌ನ ಗುಂಪಿಗೆ ಸೇರಿದ ಒಂದು ಮರಿ ಎಂದೂ, ಆ ಗುಂಪು ಜಿರಳೆ ಮತ್ತು ಸೂರ್ಯನ ಕುದುರೆಗಳ ಬಳಗದೊಳಗಿನ ಒಂದು ನಶಿಸಿದ ಕುಟುಂಬವೆಂದೂ ಇತರ ಸಂಶೋಧಕರು ವಾದಿಸಿದರು. ನನಗೆ ಈ ವಾದವೇ ಬಲವಾಗಿ ಕಾಣುತ್ತದೆ.

ಇಲ್ಲಿ ತೊಡಕಾದದ್ದು ಎರಡು ಸಂಗತಿಗಳು. ಮೊದಲನೆಯದು ವಯಸ್ಸು. ಜಿರಳೆ, ಸೂರ್ಯನ ಕುದುರೆ, ಮಿಡತೆಗಳಲ್ಲಿ ಕೋಶಾವಸ್ಥೆ ಇಲ್ಲ. ಮೊಟ್ಟೆಯಿಂದ ಬಂದ ಮರಿಯೇ ಹಲವು ಬಾರಿ ಪೊರೆ ಕಳಚುತ್ತ ಬೆಳೆದು, ಕೊನೆಯ ಪೊರೆ ಕಳಚಿದ ಮೇಲಷ್ಟೇ ಪೂರ್ಣ ರೆಕ್ಕೆಯನ್ನು ಪಡೆಯುತ್ತದೆ. ಆದ್ದರಿಂದ ರೆಕ್ಕೆಯಿಲ್ಲದ ಪಳೆಯುಳಿಕೆಯನ್ನು ಕಂಡಾಗ, ಇದು ರೆಕ್ಕೆಯನ್ನೇ ಕಳೆದುಕೊಂಡ ಗುಂಪಿನ ಪ್ರೌಢಕೀಟವೋ ಅಥವಾ ರೆಕ್ಕೆ ಇನ್ನೂ ಮೂಡದ ಮರಿಯೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾಗುತ್ತದೆ. ಎದೆಯ ಮೇಲೆ ರೆಕ್ಕೆಮೊಗ್ಗುಗಳಿವೆಯೇ, ಹೊಟ್ಟೆಯ ತುದಿಯಲ್ಲಿ ಜನನಾಂಗಗಳು ಪೂರ್ಣವಾಗಿ ರೂಪುಗೊಂಡಿವೆಯೇ ಎಂದು ನೋಡಬೇಕಾಗುತ್ತದೆ. ಎಳೆಯ ಮರಿಯಲ್ಲಿ ಇವೆರಡೂ ಸ್ಪಷ್ಟವಿರುವುದಿಲ್ಲ.

ಎರಡನೆಯದು ತರ್ಕಕ್ಕೆ ಸಂಬಂಧಿಸಿದ್ದು, ನಿಮ್ಮ ಪ್ರಶ್ನೆಯ ತಿರುಳು ಇರುವುದೂ ಅಲ್ಲಿಯೇ. ಜರ್ಮನಿಯ ಕೀಟತಜ್ಞ ವಿಲ್ಲಿ ಹೆನ್ನಿಗ್ 1950ರ ಸುಮಾರಿನಿಂದ ಮಂಡಿಸಿದ ತತ್ತ್ವವನ್ನು ಇಂದು ಬಹುತೇಕ ಎಲ್ಲರೂ ಅನುಸರಿಸುತ್ತಾರೆ. ಅದರ ಪ್ರಕಾರ ಎರಡು ಜೀವಿಗಳ ನಂಟನ್ನು ತೋರಿಸುವುದು ಅವುಗಳ ಒಟ್ಟಾರೆ ಹೋಲಿಕೆಯಲ್ಲ, ಅವೆರಡರ ಸಮೀಪದ ಪೂರ್ವಜನಲ್ಲಿ ಹೊಸದಾಗಿ ಮೂಡಿ ಅವೆರಡಕ್ಕೂ ಬಂದಿರುವ ಲಕ್ಷಣ ಮಾತ್ರ. ಆರು ಕಾಲುಗಳಿವೆ ಎಂಬುದು ಜಿರಳೆಯನ್ನೂ ಜೇನುಹುಳವನ್ನೂ ಹತ್ತಿರಕ್ಕೆ ತರುವುದಿಲ್ಲ, ಏಕೆಂದರೆ ಅದು ಕೀಟಗಳೆಲ್ಲಕ್ಕೂ ಹಳೆಯ ಆಸ್ತಿ. ಮೊಟ್ಟೆಗಳನ್ನು ಸಂಪುಟದೊಳಗೆ ಇಡುವ ರೂಢಿ ಜಿರಳೆಯನ್ನೂ ಸೂರ್ಯನ ಕುದುರೆಯನ್ನೂ ಹತ್ತಿರಕ್ಕೆ ತರುತ್ತದೆ. ಇದೇ ತತ್ತ್ವದಂತೆ, ಒಂದು ಕೀಟದಲ್ಲಿ ಮಾತ್ರ ಕಾಣುವ ಅಪೂರ್ವ ಲಕ್ಷಣವು ಅದರ ನಂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ತಲೆ ಎಷ್ಟೇ ವಿಲಕ್ಷಣವಾಗಿದ್ದರೂ ಅದು ಹೊಸ ಪ್ರಭೇದಕ್ಕೋ ಹೊಸ ಜಾತಿಗೋ ಆಧಾರವಾದೀತೇ ಹೊರತು, ಆ ಕೀಟವನ್ನು ಉಳಿದ ಗಣಗಳಾಚೆಗೆ ಇಡಲು ಸಾಲದು. ‘ಯಾವುದರಂತೆಯೂ ಇಲ್ಲ’ ಎನ್ನುವುದು ವರ್ಗೀಕರಣವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥ ಸಂದರ್ಭದಲ್ಲಿ ಪ್ರಭೇದಕ್ಕೆ ಹೆಸರಿಟ್ಟು, ಗಣ ಅನಿಶ್ಚಿತ ಎಂದು ಬರೆದು ನಿಲ್ಲಿಸುವ ಪದ್ಧತಿಯಿದೆ. ಅದು ಸುದ್ದಿಯಾಗುವುದಿಲ್ಲ, ಅಷ್ಟೇ.

ಇನ್ನೊಂದು ಕಾರಣವನ್ನೂ ಹೇಳಬೇಕು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯು ಪ್ರಭೇದ, ಜಾತಿ ಮತ್ತು ಕುಟುಂಬದ ಮಟ್ಟದ ಹೆಸರುಗಳಿಗೆ ಮಾತ್ರ ಅನ್ವಯಿಸುತ್ತದೆ. ಗಣದ ಹೆಸರುಗಳು ಅದರ ವ್ಯಾಪ್ತಿಯಿಂದ ಹೊರಗಿವೆ. ಪ್ರಭೇದದ ವಿಷಯದಲ್ಲಿ ನಿಯಮ ಬಿಗಿಯಾಗಿದೆ. 1999ರ ನಂತರ ಪ್ರಕಟವಾಗುವ ಪ್ರತಿ ಹೊಸ ಪ್ರಭೇದಕ್ಕೂ ಹೆಸರಿಗೆ ಆಧಾರವಾದ ಮಾದರಿಯನ್ನು, ಸಾಮಾನ್ಯವಾಗಿ ಹೋಲೋಟೈಪ್ ಎಂಬ ಒಂದೇ ಮಾದರಿಯನ್ನು, ಗೊತ್ತುಪಡಿಸಿ ಅದು ಯಾವ ಸಂಗ್ರಹದಲ್ಲಿದೆ ಎಂದು ಹೇಳಬೇಕು. ಇತರ ಪ್ರಭೇದಗಳಿಂದ ಇದನ್ನು ಬೇರ್ಪಡಿಸುವ ಲಕ್ಷಣಗಳನ್ನು ಮಾತುಗಳಲ್ಲಿ ಕೊಡಬೇಕು. ಗಣವನ್ನು ಸೂಚಿಸುವವರಿಗೆ ಇಂಥ ಕಟ್ಟುಪಾಡಿಲ್ಲ. ಅದು ಒಪ್ಪಿಗೆಯಾಗುವುದು ಬಿಡುವುದು ಉಳಿದ ತಜ್ಞರಿಗೆ ಬಿಟ್ಟದ್ದು. ಹಾಗಾಗಿ ನೀವು ಗಮನಿಸಿದ ಬದಲಾವಣೆಯಲ್ಲಿ ಪ್ರಭೇದದ ಹೆಸರು ಅಳಿಸಿಹೋಗಲಿಲ್ಲ, ಅದರ ಜಾಗ ಬದಲಾಯಿತು. ಹೋಲೋಟೈಪ್ ಇರುವವರೆಗೆ ಯಾರು ಬೇಕಾದರೂ ಅದೇ ಅಂಬರ್ ತುಣುಕನ್ನು ತೆಗೆದು ಮತ್ತೆ ನೋಡಬಹುದು.

ಹೊಸ ಗಣ ನಿಜವಾಗಿಯೂ ಬೇಕಾದ ಪ್ರಸಂಗವೂ ಇದೆ. ಬಾಲ್ಟಿಕ್ ಅಂಬರಿನಲ್ಲಿದ್ದ, ಕಡ್ಡಿಹುಳುವನ್ನೂ ಸೂರ್ಯನ ಕುದುರೆಯನ್ನೂ ಏಕಕಾಲಕ್ಕೆ ನೆನಪಿಸುವ ಕೀಟವೊಂದನ್ನು ಜರ್ಮನಿಯ ಆಲಿವರ್ ಜೋಂಪ್ರೊ 2001ರಲ್ಲಿ ರ್‍ಯಾಪ್ಟೊಫ್ಯಾಸ್ಮ ಎಂಬ ಹೆಸರಿನಿಂದ ವರ್ಣಿಸಿದಾಗ ಅದರ ಗಣದ ಪ್ರಶ್ನೆ ಬಗೆಹರಿದಿರಲಿಲ್ಲ. ಅದೇ ಬಗೆಯ ಕೀಟಗಳು ಬರ್ಲಿನ್ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ, ನಮೀಬಿಯ ಮತ್ತು ತಾಂಜಾನಿಯಗಳಿಂದ ತಂದ ಹಳೆಯ ಮಾದರಿಗಳ ನಡುವೆ, ಗುರುತಿಸುವವರಿಲ್ಲದೆ ಉಳಿದಿದ್ದವು. ಅಂಗರಚನೆಯನ್ನು ಒಳಗಿನಿಂದಲೂ ಪರೀಕ್ಷಿಸಲು ಸಾಧ್ಯವಾದ ಮೇಲೆ 2002ರಲ್ಲಿ ಮ್ಯಾಂಟೊಫ್ಯಾಸ್ಮಟೋಡಿಯ ಎಂಬ ಗಣವನ್ನು ಪ್ರಕಟಿಸಲಾಯಿತು. 1914ರ ನಂತರ ಜೀವಂತ ಕೀಟಗಳ ಗಣವೊಂದು ಹೊಸದಾಗಿ ಸೇರಿದ್ದು ಅದೇ ಮೊದಲು. ಅದೇ ವರ್ಷ ನಮೀಬಿಯದ ಬ್ರ್ಯಾಂಡ್‌ಬರ್ಗ್ ಬೆಟ್ಟದಲ್ಲಿ ಅವು ಜೀವಂತವಾಗಿಯೂ ಸಿಕ್ಕವು. ಇಲ್ಲಿ ಪಳೆಯುಳಿಕೆ ಎತ್ತಿದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಈಗಿನ ಕೀಟಗಳು.

ಪ್ರಶ್ನೆ: ಬಂಡೆಯಲ್ಲಿ ಇಡೀ ಕೀಟ ಸಿಗುವುದು ಅಪರೂಪ, ಹೆಚ್ಚಾಗಿ ರೆಕ್ಕೆಯ ಅಚ್ಚು ಮಾತ್ರ ಸಿಗುತ್ತದೆ ಎನ್ನುತ್ತಾರೆ. ಒಂದು ರೆಕ್ಕೆಯಿಂದ ಹೊಸ ಪ್ರಭೇದವನ್ನು ಹೆಸರಿಸುವುದು ಸರಿಯೇ? (ಪದವಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಸರಿ, ಎಚ್ಚರವಿದ್ದರೆ. ಮೃದುವಾದ ಮೈ ಕೊಳೆತುಹೋದರೂ ರೆಕ್ಕೆ ಬೇಗ ಕೊಳೆಯುವುದಿಲ್ಲ. ಅದರ ನಾಳಗಳ ವಿನ್ಯಾಸ ಗುಂಪಿನಿಂದ ಗುಂಪಿಗೆ ಬೇರೆಯಾಗಿರುವುದರಿಂದ ಅದನ್ನು ಓದಬಲ್ಲವರಿಗೆ ಸಾಕಷ್ಟು ಮಾಹಿತಿ ದೊರೆಯುತ್ತದೆ. ಮುಂದಿನ ಅಂಚಿನಿಂದ ಹಿಂದಕ್ಕೆ ಕಾಸ್ಟ, ಸಬ್‌ಕಾಸ್ಟ, ರೇಡಿಯಸ್, ಮೀಡಿಯ, ಕ್ಯೂಬಿಟಸ್ ಎಂದು ನಾಳಗಳನ್ನು ಗುರುತಿಸಿ, ಯಾವುದು ಎಲ್ಲಿ ಕವಲೊಡೆಯುತ್ತದೆ, ಯಾವುದು ಯಾವುದನ್ನು ಕೂಡುತ್ತದೆ ಎಂದು ವರ್ಣಿಸುತ್ತಾರೆ. ಫ್ರಾನ್ಸಿನ ಕಮಾಂತ್ರಿಯ ಕಲ್ಲಿದ್ದಲು ಗಣಿಯಿಂದ ಬಂದ ಮೆಗಾನ್ಯೂರವನ್ನು ಷಾರ್ಲ್ ಬ್ರೊಂಗ್ನಿಯಾರ್ 1885ರಲ್ಲಿ ಹೆಸರಿಸಿದರು. ಚಾಚಿದ ರೆಕ್ಕೆಗಳ ಅಗಲ ಸುಮಾರು 65 ಸೆಂ.ಮೀ. ಇದ್ದ ಈ ಕೀಟವನ್ನು ಜನಪ್ರಿಯ ಬರಹಗಳು ಇಂದಿಗೂ ದೈತ್ಯ ಏರೋಪ್ಲೇನ್ ಚಿಟ್ಟೆ ಎನ್ನುತ್ತವೆ. ಆದರೆ ಇಂದಿನ ಏರೋಪ್ಲೇನ್ ಚಿಟ್ಟೆಗಳ ರೆಕ್ಕೆಯ ಮುಂದಂಚಿನ ನಡುವೆ ಇರುವ ಗಂಟಾಗಲಿ ತುದಿಯ ಬಣ್ಣದ ಚುಕ್ಕೆಯಾಗಲಿ ಅದಕ್ಕಿಲ್ಲ. ಆದ್ದರಿಂದ ತಜ್ಞರು ಅದನ್ನು ಅವುಗಳ ಬಂಧುಗಳಾಗಿದ್ದು ನಶಿಸಿದ ಬೇರೊಂದು ಗುಂಪಿನಲ್ಲಿ ಇಡುತ್ತಾರೆ. ಈ ತೀರ್ಮಾನವೆಲ್ಲ ರೆಕ್ಕೆಯಿಂದ ಬಂದದ್ದು.

ಎಚ್ಚರ ಬೇಕಾಗುವುದು ಒಂದೇ ಪ್ರಭೇದದೊಳಗಿನ ವ್ಯತ್ಯಾಸದ ವಿಷಯದಲ್ಲಿ. ಜಿರಳೆಯ ಎಡ ಮತ್ತು ಬಲ ರೆಕ್ಕೆಗಳಲ್ಲಿಯೇ ಕವಲುಗಳ ಸಂಖ್ಯೆ ಬೇರೆಯಾಗಿರಬಹುದು. ಇದನ್ನು ಗಣಿಸದೆ, ಸಣ್ಣಪುಟ್ಟ ಭೇದ ಕಂಡ ಪ್ರತಿ ಅಚ್ಚಿಗೂ ಒಂದೊಂದು ಹೆಸರನ್ನು ಹಳೆಯ ತಲೆಮಾರಿನವರು ಕೊಟ್ಟದ್ದರಿಂದ, ಕಲ್ಲಿದ್ದಲು ಯುಗದ ಜಿರಳೆಯಂಥ ಕೀಟಗಳ ಪಟ್ಟಿ ಅನಗತ್ಯವಾಗಿ ಉದ್ದವಾಯಿತು. ಬಂಡೆ ಒತ್ತಡಕ್ಕೆ ಸಿಕ್ಕಿ ಹಿಗ್ಗಿದ್ದರೆ ರೆಕ್ಕೆಯ ಆಕಾರವೂ ಬದಲಾಗಿರುತ್ತದೆ. ಉದ್ದ ಅಗಲಗಳ ಅನುಪಾತವನ್ನೇ ನಂಬಿ ಪ್ರಭೇದವನ್ನು ಬೇರ್ಪಡಿಸಬಾರದು.

ರೆಕ್ಕೆಯೂ ಇಲ್ಲದಿದ್ದರೆ? ಸ್ಕಾಟ್ಲೆಂಡಿನ ರೈನಿಯಲ್ಲಿ ದೊರೆತ, ಸುಮಾರು 41 ಕೋಟಿ ವರ್ಷ ಹಳೆಯ ಶಿಲೆಯೊಳಗೆ ಮುಖ್ಯವಾಗಿ ಒಂದು ಜೊತೆ ದವಡೆಗಳಷ್ಟೇ ಉಳಿದಿರುವ ಜೀವಿಗೆ 1928ರಲ್ಲಿ ರೈನಿಯೊಗ್ನೇಥ ಎಂದು ಹೆಸರಿಡಲಾಯಿತು. 2004ರಲ್ಲಿ ಮೈಕೆಲ್ ಎಂಗೆಲ್ ಮತ್ತು ಡೇವಿಡ್ ಗ್ರಿಮಾಲ್ಡಿ ಆ ದವಡೆಗಳ ಕೀಲುಗಳನ್ನು ಪರಿಶೀಲಿಸಿ, ಇದು ತಿಳಿದಿರುವ ಅತಿ ಹಳೆಯ ಕೀಟ, ಬಹುಶಃ ರೆಕ್ಕೆಯ ಕೀಟಗಳ ಬಂಧು ಎಂದರು. 2017ರಲ್ಲಿ ಮತ್ತಿಬ್ಬರು ತಜ್ಞರು, ಅದು ಶತಪದಿಯ ಬಳಗದ್ದಾಗಿರುವ ಸಾಧ್ಯತೆಯೇ ಹೆಚ್ಚು ಎಂದರು. ದವಡೆಗಳು ಅವೇ, ಓದು ಬೇರೆ.

ಪ್ರಶ್ನೆ: ಹರಳು ಮಾರುವವರಿಂದ ಕೊಂಡ ಅಂಬರಿನೊಳಗೆ ನೊಣದಂಥ ಹುಳು ಇದೆ. ಹೊಸ ಪ್ರಭೇದವಾಗಿದ್ದರೆ ಅದಕ್ಕೆ ನಮ್ಮ ಅಜ್ಜಿಯ ಹೆಸರಿಡಬಹುದೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಮೊದಲು ಅದು ಅಂಬರ್ ಹೌದೇ ಎಂದು ನೋಡಿಸಿ. ಉಪ್ಪು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಬಹುಪಾಲು ಪ್ಲಾಸ್ಟಿಕ್ಕುಗಳೂ ಗಾಜೂ ಮುಳುಗುತ್ತವೆ. ಆದರೆ ಇನ್ನೂ ಪಕ್ವವಾಗದ ಎಳೆಯ ರಾಳವೂ ತೇಲುತ್ತದೆ. ಅದರ ಮೇಲೆ ಅಸಿಟೋನಿನ ಹನಿ ಬಿದ್ದರೆ ಅಂಟಂಟಾಗುತ್ತದೆ ಎಂಬ ಪರೀಕ್ಷೆ ಪ್ರಚಾರದಲ್ಲಿದೆಯಾದರೂ ಅದು ಎಲ್ಲ ಕಡೆಯ ಅಂಬರಿಗೂ ಸಲ್ಲುವುದಿಲ್ಲ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರ ಲಿಗ್ನೈಟ್ ಗಣಿಗಳ ಅಂಬರ್ 5 ಕೋಟಿ ವರ್ಷಗಳಿಗೂ ಹಳೆಯದು. ನಮ್ಮ ಕರಾವಳಿ ಮತ್ತು ಮಲೆನಾಡಿನ ಧೂಪದ ಮರದ ಕುಟುಂಬಕ್ಕೇ ಸೇರಿದ ಮರಗಳ ರಾಳದಿಂದಾದದ್ದು. ಅಷ್ಟು ಹಳೆಯದಾದರೂ ಅದು ಕೆಲವು ದ್ರಾವಕಗಳಲ್ಲಿ ಕರಗುತ್ತದೆ. ಹಾಗೆ ಕರಗಿಸಿ ಕೀಟವನ್ನು ಇಡಿಯಾಗಿ ಹೊರತೆಗೆದು ಪರೀಕ್ಷಿಸುವುದೂ ಸಾಧ್ಯವಾಗಿದೆ, ಹೆಚ್ಚಿನ ಕಡೆಯ ಅಂಬರಿನಲ್ಲಿ ಇದು ಆಗದ ಮಾತು.

ಅಂಬರ್ ಅಸಲಿಯಾದರೂ ಕೀಟ ನಕಲಿಯಾಗಿರಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಬಾಲ್ಟಿಕ್ ಅಂಬರಿನ ಒಂದು ನೊಣ ಇಂದಿನ ಪಾಯಿಖಾನೆ ನೊಣವನ್ನು ಎಲ್ಲ ವಿವರಗಳಲ್ಲಿಯೂ ಹೋಲುತ್ತಿತ್ತು. ಕೋಟ್ಯಂತರ ವರ್ಷ ಬದಲಾಗದೆ ಉಳಿದ ಪ್ರಭೇದಕ್ಕೆ ಅದು ಸಾಕ್ಷಿ ಎಂದು ನಂಬಲಾಗಿತ್ತು. ಮೇಲೆ ಹೇಳಿದ ಹೆನ್ನಿಗ್ ನೊಣಗಳ ವಿಷಯದಲ್ಲಿಯೇ ಪರಿಣತರು. ಅವರೂ 1966ರಲ್ಲಿ ಅದನ್ನು ಒಪ್ಪಿಕೊಂಡಿದ್ದರು. 1993ರಲ್ಲಿ ಪಳೆಯುಳಿಕೆ ತಜ್ಞ ಆಂಡ್ರ್ಯೂ ರಾಸ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ದೀಪದ ಶಾಖಕ್ಕೆ ನೊಣದ ಸುತ್ತ ಬಿರುಕು ಕಾಣಿಸಿತು. ಯಾರೋ ಅಂಬರನ್ನು ಸೀಳಿ, ಒಳಗೆ ಕೊರೆದು, ನೊಣವನ್ನಿಟ್ಟು, ಮತ್ತೆ ಅಂಟಿಸಿದ್ದರು.

ಎಲ್ಲವೂ ಅಸಲಿ ಎಂದಾದರೆ, ಅದು ಯಾವ ಊರಿನ ಯಾವ ಗಣಿಯದು ಎಂಬ ದಾಖಲೆ ಇದೆಯೇ ನೋಡಿ. ದಾಖಲೆ ಇಲ್ಲದಿದ್ದರೆ ವಯಸ್ಸು ಹೇಳುವುದು ಕಷ್ಟ, ಒಳ್ಳೆಯ ಪತ್ರಿಕೆಗಳು ಅಂಥದ್ದನ್ನು ಸಾಮಾನ್ಯವಾಗಿ ಸ್ವೀಕರಿಸುವುದೂ ಇಲ್ಲ. ಮ್ಯಾನ್ಮಾರ್‌ನದಾಗಿದ್ದರೆ ಇನ್ನೊಂದು ಪ್ರಶ್ನೆಯಿದೆ: ಅಲ್ಲಿನ ಗಣಿ ಪ್ರದೇಶವನ್ನು 2017ರಲ್ಲಿ ಸೇನೆ ವಶಪಡಿಸಿಕೊಂಡ ಮೇಲೆ ಹೊರಬಂದ ಅಂಬರಿನ ಮೇಲೆ ಸಂಶೋಧನೆ ಮಾಡುವುದು ಸರಿಯೇ ಎಂಬ ವಿವಾದ ತಜ್ಞರಲ್ಲಿ ನಡೆದಿದೆ. ಮಾದರಿಯನ್ನು ಸಾರ್ವಜನಿಕ ಸಂಗ್ರಹವೊಂದಕ್ಕೆ ಶಾಶ್ವತವಾಗಿ ಕೊಡಲು ನೀವು ಸಿದ್ಧರಿದ್ದೀರಾ ಎಂದು ಸಂಶೋಧಕರು ಕೇಳುತ್ತಾರೆ. ಲಖನೌದ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆಯಲ್ಲಿ ಅಂಥ ಸಂಗ್ರಹವಿದೆ. ಅಜ್ಜಿಯ ಹೆಸರಿಡಲು ನಿಯಮಾವಳಿಯಲ್ಲಿ ಅಡ್ಡಿಯಿಲ್ಲ. ಆದರೆ ಹೆಸರನ್ನು ಆರಿಸುವ ಹಕ್ಕು ಮಾದರಿಯ ಮಾಲೀಕರದ್ದಲ್ಲ, ವರ್ಣನೆಯನ್ನು ಬರೆದು ಪ್ರಕಟಿಸುವವರದ್ದು. ಮಾದರಿಯನ್ನು ಕೊಡುವಾಗಲೇ ಕೇಳಿಕೊಂಡರೆ ಬಹಳ ಮಂದಿ ಒಪ್ಪುತ್ತಾರೆ.