ಹಾರದ ಪಟದಿಂದಲೇ ಪಾಠ ಶುರುವಾಗಲಿ

ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರ ಪತ್ರ: ‘ಆಷಾಢದಲ್ಲಿ ಮಕ್ಕಳ ಕೈಯಲ್ಲಿ ಗಾಳಿಪಟ ಮಾಡಿಸಿ ಗಣಿತ, ವಿಜ್ಞಾನ ಕಲಿಸುವ ಆಸೆಯಿದೆ. ಸಿಲಬಸ್ ಮುಗಿಯುವುದಿಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಇದರಿಂದ ನಿಜಕ್ಕೂ ಪಾಠವಾಗುತ್ತದೆಯೇ? ಕತ್ತು ಕೊಯ್ಯುವ ಹರಿತ ದಾರ, ಮಾಂಜಾದ ಭಯವೂ ಇದೆ.’

ಸಂಪಾದಕರ ಉತ್ತರ:

ಖಂಡಿತ ಆಗುತ್ತದೆ. ಒಂದೇ ಒಂದು ಕೋರಿಕೆ: ಏಳದ ಪಟವನ್ನು ನೀವು ಸರಿಮಾಡಿ ಕೊಡಬೇಡಿ. ಪಾಠ ಇರುವುದೇ ಅಲ್ಲಿ.

ಪಟದ ಮೇಲೂ ಕೆಳಗೂ ಸೇರಿಸಿ ಕಟ್ಟುವ ದಾರವೇ ಸೂತ್ರ; ಹಾರಿಸುವ ದಾರ ಕೂಡುವ ಅದರ ಗಂಟು ತೀರಾ ಕೆಳಗಿದ್ದರೆ ಪಟ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಕೈಯನ್ನು ಜಗ್ಗುತ್ತದೆ, ಮೇಲೇರುವುದಿಲ್ಲ. ತೀರಾ ಮೇಲಿದ್ದರೆ ಗಾಳಿ ಹಿಡಿಯದೆ ಪಟಪಟನೆ ಬಡಿದು ಮುಗ್ಗರಿಸುತ್ತದೆ. ಗಂಟನ್ನು ಅರ್ಧರ್ಧ ಸೆಂಟಿಮೀಟರ್ ಸರಿಸುತ್ತ, ಪ್ರತಿ ಸಲ ಏನಾಯಿತೆಂದು ಮಕ್ಕಳು ಬರೆದುಕೊಳ್ಳಲಿ. ಆಗ ಬಾಲಂಗೋಸಿಯನ್ನು ಮುಟ್ಟಕೂಡದು; ಪಟ ಗಿರಕಿ ಹೊಡೆದರೆ ಅದರ ಸರದಿ ಆಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ಪ್ರಯೋಗದ ಶಿಸ್ತನ್ನು ಕಪ್ಪುಹಲಗೆಯ ಮೇಲೆ ಇಷ್ಟು ಚೆನ್ನಾಗಿ ಕಲಿಸಲು ಸಾಧ್ಯವೆಂದು ನನಗನ್ನಿಸುವುದಿಲ್ಲ.

ಇನ್ನು ಸಿಲಬಸ್. ಹತ್ತನೇ ತರಗತಿಯ ಗಣಿತ ಪುಸ್ತಕದ ತ್ರಿಕೋನಮಿತಿಯಲ್ಲೇ ಗಾಳಿಪಟವಿದೆ: 60 ಮೀಟರ್ ಎತ್ತರದ ಪಟ, ನೆಲಕ್ಕೆ 60 ಡಿಗ್ರಿ ಓರೆಯ ದಾರ, ದಾರದ ಉದ್ದವೆಷ್ಟು? ದಾರ ಸಡಿಲವಿಲ್ಲವೆಂದು ಭಾವಿಸಿ ಎಂಬ ಮಾತೂ ಜೊತೆಗಿದೆ. ಉತ್ತರ ಸುಮಾರು 69 ಮೀಟರ್. ದಾರಕ್ಕೆ ಹತ್ತು ಮೀಟರಿಗೊಂದು ಬಣ್ಣದ ಗುರುತು ಹಾಕಿ, ಕೋನಮಾಪಕಕ್ಕೆ ನೂಲಿನಲ್ಲಿ ಕಲ್ಲು ಕಟ್ಟಿ ಬಯಲಿಗೆ ಕರೆದೊಯ್ಯಿರಿ. ದಾರ ತನ್ನ ಭಾರಕ್ಕೆ ಬಾಗುವುದನ್ನು ಕಂಡ ಮಗು ಆ ‘ಭಾವಿಸಿ’ ಯಾಕೆಂದು ತಾನೇ ಹೇಳುತ್ತದೆ. ಲೆಕ್ಕಕ್ಕಿಂತ ನಿಜವಾದ ಎತ್ತರ ಕಡಿಮೆಯೆಂದೂ ಹೇಳಬಹುದು.

ಸಮಾಜ ವಿಜ್ಞಾನದವರನ್ನೂ ಸೇರಿಸಿಕೊಳ್ಳಿ. ಗುಜರಾತಿನವರು ಜನವರಿಯ ಉತ್ತರಾಯಣಕ್ಕೆ ಪಟ ಹಾರಿಸುತ್ತಾರೆ, ದೊಡ್ಡಬಳ್ಳಾಪುರದವರು ಆಷಾಢದಲ್ಲಿ. ಯಾಕೆ? ಈ ಪ್ರಶ್ನೆ ಮಕ್ಕಳನ್ನು ನೇರ ನೈರುತ್ಯ ಮಾನ್ಸೂನಿಗೆ ಕೊಂಡೊಯ್ಯುತ್ತದೆ. 1848ರ ನಯಾಗರದ ಕತೆಯನ್ನೂ ಹೇಳಿ. ಅಲ್ಲಿನ ನದಿಯ ಕೊರಕಲಿಗೆ ತೂಗುಸೇತುವೆ ಕಟ್ಟಬೇಕಿತ್ತು, ಮೊದಲ ಎಳೆ ದಾಟಿಸುವುದೇ ಕಷ್ಟವಾಗಿತ್ತು. ಹೋಮನ್ ವಾಲ್ಶ್ ಎಂಬ ಹುಡುಗ ಪಟ ಹಾರಿಸಿ ದಾರವನ್ನು ಆಚೆ ದಡ ಮುಟ್ಟಿಸಿದ. ಅದಕ್ಕೆ ಕಟ್ಟಿ ದಪ್ಪ ದಾರ, ಹಗ್ಗ, ಕೊನೆಗೆ ತಂತಿಯ ಹಗ್ಗ ಎಳೆದರು.

ಮಾಂಜಾ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಗಾಜಿನ ಪುಡಿ ಸವರದ ಹತ್ತಿಯ ದಾರ ಸಾಕು, ಪಟದ ಜಗಳವೂ ಬೇಡ. ತಾರಸಿ ಬಿಟ್ಟು, ವಿದ್ಯುತ್ ತಂತಿಯಿಲ್ಲದ ಬಯಲು ಹುಡುಕಿ. ದೂರದಲ್ಲಿ ಗುಡುಗಿದರೂ ಪಟ ಇಳಿಸಿ ಎಲ್ಲರನ್ನೂ ಒಳಗೆ ಕರೆದುಕೊಳ್ಳಿ. ತಂತಿಗೆ ಸಿಕ್ಕಿಕೊಂಡ ಪಟ ಎಷ್ಟೇ ಚೆಂದವಿರಲಿ, ಅದನ್ನು ಬಿಡಿಸಲು ಯಾರೂ ಹೋಗಬಾರದು. ಇದನ್ನು ಮೊದಲ ದಿನವೇ ಹೇಳಿಬಿಡಿ.