ತೀರ್ಥಹಳ್ಳಿ, ಹೊಸನಗರ ಲೈನಿಗೆ ಬೇರೆ ಜಿಪಿಎಸ್ ಬೇಕಾ, ಫೋನೇ ಸಾಕಾ?

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದ ಒಂದು ಗೋಡೌನಿನಿಂದ ಪಿಕಪ್‌ನಲ್ಲಿ ಸಾಮಾನು ಒಯ್ಯುವ ಕೆಲಸಕ್ಕೆ ಸೋಮವಾರ ಸೇರುತ್ತಿದ್ದೀರಿ. ತೀರ್ಥಹಳ್ಳಿ, ಹೊಸನಗರ, ಸಾಗರ ಲೈನು. ಡ್ಯಾಶ್‌ಬೋರ್ಡ್ ಮೇಲೆ ಇಡುವ ಜಿಪಿಎಸ್ ಪೆಟ್ಟಿಗೆ ತಗೊಳ್ಳಬೇಕಾ, ಇರುವ ಫೋನೇ ಸಾಕಾ, ಸಾಕು ಅಂದರೆ ಯಾವ ಆ್ಯಪ್ ಅಂತ.

ಪೆಟ್ಟಿಗೆ ಬೇಡ, ಫೋನ್ ಸಾಕು. ಆದರೆ ದುಡ್ಡು ಪೂರ್ತಿ ಉಳಿಯಿತು ಅಂತ ಖುಷಿಪಡಬೇಡಿ, ಅದರಲ್ಲಿ ಸ್ವಲ್ಪ ಬೇರೆ ಕಡೆ ಹಾಕಬೇಕಾಗುತ್ತದೆ.

ನಾನು ಒಂಬತ್ತು ವರ್ಷದಿಂದ ಇದೇ ಲೈನಿನಲ್ಲಿ ಪಿಕಪ್ ಓಡಿಸುತ್ತಿದ್ದೇನೆ. ತೋಟದ ಮೋಟರು, ಪೈಪು, ಸ್ಪ್ರಿಂಕ್ಲರ್ ಸೆಟ್ಟು, ಈಚೆಗೆ ಅಡಿಕೆ ಕೊಯ್ಯುವ ಫೈಬರ್ ದೋಟಿ. ಮೊದಲು ಓಡಿಸುತ್ತಿದ್ದ ಗಾಡಿಯಲ್ಲಿ ನೀವು ಹೇಳುವಂಥದ್ದೇ ಒಂದು ಪೆಟ್ಟಿಗೆ ಇತ್ತು. ಹೆದ್ದಾರಿಯಲ್ಲಿ ಚೆನ್ನಾಗಿಯೇ ದಾರಿ ಹೇಳುತ್ತಿತ್ತು. ತೀರ್ಥಹಳ್ಳಿ ದಾಟಿ ಒಳದಾರಿ ಹಿಡಿದರೆ ಪರದೆ ಮೇಲೆ ನಮ್ಮ ಬಾಣದ ಗುರುತು ಒಂದು, ಸುತ್ತ ಬರೀ ಖಾಲಿ. ಅದರ ಮ್ಯಾಪ್ ಹೊಸದು ಮಾಡಬೇಕಂದರೆ ಕಂಪ್ಯೂಟರಿಗೆ ಸಿಕ್ಕಿಸಬೇಕು, ಆ ಕೆಲಸ ಯಾರು ಮಾಡುತ್ತಾರೆ? ಕೊನೆಗೆ ಅದು ಯಜಮಾನರ ಮೊಮ್ಮಗನ ಆಟದ ಸಾಮಾನಾಯಿತು.

ಹಾಂ, ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಹಳದಿ ಬೋರ್ಡಿನವರು ‘ಗಾಡಿಗೆ ಜಿಪಿಎಸ್ ಹಾಕಿಸಿದೆ’ ಅಂತ ಹೇಳುವುದು ಬೇರೆ ವಸ್ತು. ಅದು ಎಐಎಸ್-140 ಅನ್ನುವ ಟ್ರ್ಯಾಕರ್. ಗಾಡಿ ಎಲ್ಲಿದೆ ಅಂತ ಬೇರೆಯವರಿಗೆ ತಿಳಿಸುವುದಕ್ಕೆ ಇರುವಂಥದ್ದು. ಪ್ರಯಾಣಿಕರನ್ನು ಒಯ್ಯುವ ಗಾಡಿಯಲ್ಲಾದರೆ ಜೊತೆಗೆ ತುರ್ತು ಬಟನ್ ಕೂಡ ಇರುತ್ತದೆ. ನಿಮಗೆ ದಾರಿ ತೋರಿಸುವುದಿಲ್ಲ. ನಿಮ್ಮ ಗಾಡಿಗೆ ಅದು ಬೇಕೋ ಬೇಡವೋ ಅಂತ ಆರ್‌ಟಿಓದಲ್ಲಿ ಕೇಳಿಕೊಳ್ಳಿ.

ಇನ್ನು ‘ಒಳಗಡೆ ಸಿಗ್ನಲ್ ಇರಲ್ಲ, ಆಗ ಫೋನ್ ಜಿಪಿಎಸ್ ಸತ್ತುಹೋಗುತ್ತೆ ಅಲ್ವಾ’ ಅಂತ ಬರೆದಿದ್ದೀರಿ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಸಾಯುವುದಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿರುತ್ತವೆ. ಫೋನು ರೇಡಿಯೋ ಥರ ಅವುಗಳ ಮಾತನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ನಾಲ್ಕು ಉಪಗ್ರಹ ಸರಿಯಾಗಿ ಕೇಳಿಸಿದರೆ ನೀವೆಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಬೇಡ, ಡೇಟಾ ಬೇಡ. ಡೇಟಾ ಬೇಕಾಗುವುದು ಮ್ಯಾಪಿನ ಚಿತ್ರಕ್ಕೆ, ಟ್ರಾಫಿಕ್ಕಿಗೆ, ಹೆಸರು ಹುಡುಕುವುದಕ್ಕೆ. ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಮಾಸ್ತಿಕಟ್ಟೆ ಕಾಡಿನಲ್ಲೂ ಬಾಣ ಓಡುತ್ತದೆ.

ಒಂದು ತೊಡಕಿದೆ. ಯಾವ ಉಪಗ್ರಹ ಎಲ್ಲಿದೆ ಅನ್ನುವ ವಿವರ ನೆಟ್ ಇದ್ದರೆ ಫೋನಿಗೆ ತಕ್ಷಣ ಸಿಗುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ನಿಧಾನಕ್ಕೆ ಇಳಿಯಬೇಕು. ಹಾಗಾಗಿ ಗೋಡೌನ್ ಬಾಗಿಲಲ್ಲೇ ದಾರಿ ಹಾಕಿಕೊಂಡು ಹೊರಡಿ. ಕಾಡಿನ ಮಧ್ಯೆ ಫೋನ್ ಆಫ್ ಮಾಡಿ ಆನ್ ಮಾಡಿದಿರೋ, ಮರಗಳ ಕೆಳಗೆ ನಿಂತು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾಯಬೇಕಾದೀತು.

ಘಾಟಿಯಲ್ಲಿ ಬಾಣ ನೆಗೆಯುತ್ತದೆ, ಅದಕ್ಕೂ ಗಾಬರಿ ಬೇಡ. ಆಗುಂಬೆಯ 14 ಹೇರ್‌ಪಿನ್ ತಿರುವಲ್ಲಿ ಮೇಲಿನ ರಸ್ತೆಯೂ ಕೆಳಗಿನ ರಸ್ತೆಯೂ ಮ್ಯಾಪ್ ಮೇಲೆ ಪಕ್ಕಪಕ್ಕಕ್ಕೇ ಇರುತ್ತವೆ. ಒಂದು ಕಡೆ ಗುಡ್ಡ ಆಕಾಶ ಮುಚ್ಚಿರುತ್ತದೆ, ಬಂಡೆಗೆ ಬಡಿದು ಬಂದ ಸಿಗ್ನಲ್ಲು ಲೆಕ್ಕ ತಪ್ಪಿಸುತ್ತದೆ. ಅಲ್ಲಿ ಇರುವುದು ಒಂದೇ ರಸ್ತೆ, ಮ್ಯಾಪ್ ನೋಡುವ ಅಗತ್ಯವೇ ಇಲ್ಲ, ಎದುರಿಗೆ ಬರುವ ಬಸ್ಸು ನೋಡಿ. ಫೋನ್ ಹೊಸದು ತಗೊಳ್ಳುವುದೇ ಆದರೆ ಎರಡು ತರಂಗಾಂತರದ್ದು, ಅಂದರೆ ಎಲ್1 ಜೊತೆ ಎಲ್5 ಹಿಡಿಯುವಂಥದ್ದು ತಗೊಳ್ಳಿ, ಗುಡ್ಡಗಾಡಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಜಿಪಿಎಸ್‌ಟೆಸ್ಟ್ ಅಂತ ಒಂದು ಉಚಿತ ಆ್ಯಪ್ ಇದೆ, ಹಾಕಿ ನೋಡಿದರೆ ಯಾವ ಉಪಗ್ರಹ ಸಿಗುತ್ತಿದೆ ಅಂತ ತೋರಿಸುತ್ತದೆ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಫೋನು ಹಿಡಿದರೆ ಒಳ್ಳೆಯದೇ, ಅದಕ್ಕೋಸ್ಕರವೇ ಫೋನ್ ಬದಲಿಸಬೇಡಿ.

ಆ್ಯಪ್ ವಿಷಯ. ಮುಖ್ಯ ಫೋನಲ್ಲಿ ಗೂಗಲ್ ಮ್ಯಾಪ್ಸ್, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು. ಅದು ಕೈಕೊಟ್ಟರೆ ಇರಲಿ ಅಂತ ಇಟ್ಟುಕೊಳ್ಳುವ ಎರಡನೇ ಫೋನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಆಸ್ಮ್‌ಆ್ಯಂಡ್. ಇವೆರಡೂ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುತ್ತವೆ, ಪೂರ್ತಿ ಆಫ್‌ಲೈನ್. ಗೂಗಲ್ ಆಫ್‌ಲೈನಿನಲ್ಲಿ ದಾರಿ ಹೇಳುತ್ತದೆ, ಆದರೆ ಟ್ರಾಫಿಕ್ ತಿಳಿಯುವುದಿಲ್ಲ, ಇನ್ನೊಂದು ದಾರಿ ಯಾವುದಿದೆ ಅಂತಲೂ ತೋರಿಸುವುದಿಲ್ಲ. ಮ್ಯಾಪಲ್ಸ್ ನಮ್ಮ ದೇಶದ್ದೇ, ಹಾಕಿಕೊಂಡು ನೋಡಿ, ನನಗೆ ಕೈಗೆ ಹತ್ತಲಿಲ್ಲ ಅಷ್ಟೇ. ಕನ್ನಡದಲ್ಲಿ ದಾರಿ ಹೇಳುವ ಹಾಗೆ ಮಾಡಿಕೊಳ್ಳಿ. ನಮ್ಮ ಊರುಗಳ ಹೆಸರನ್ನು ಒಮ್ಮೊಮ್ಮೆ ತಿರುಚಿ ಹೇಳಿ ನಗಿಸುತ್ತದೆ, ಆದರೂ ಕಣ್ಣು ರಸ್ತೆ ಮೇಲೆ ಇರುತ್ತದೆ.

ಈಗ ಅಸಲು ವಿಷಯ. ಗೂಗಲ್‌ನಲ್ಲಿ ಕಾರು ಇದೆ, ಬೈಕು ಇದೆ, ಲೋಡ್ ಗಾಡಿ ಅಂತ ಇಲ್ಲ. 20 ಅಡಿ ಪೈಪು ಹೇರಿಕೊಂಡ ಪಿಕಪ್ಪೂ ಅದಕ್ಕೆ ಕಾರೇ. ಕಿರಿದಾದ ರಸ್ತೆ ತಪ್ಪಿಸುವ ಸೌಲಭ್ಯವನ್ನು 2024ರಲ್ಲಿ ಕೊಟ್ಟರು, ಅದು ಶುರುವಾಗಿದ್ದು ಬೆಂಗಳೂರು, ಹೈದರಾಬಾದ್ ಥರದ ಎಂಟು ನಗರಗಳಲ್ಲಿ. ಆಸ್ಮ್‌ಆ್ಯಂಡ್‌ನಲ್ಲಿ ಗಾಡಿಯ ಎತ್ತರ, ತೂಕ ತುಂಬಬಹುದು. ಆದರೆ ನಮ್ಮ ಹಳ್ಳಿ ರಸ್ತೆ ಎಷ್ಟು ತೂಕ ತಡೆಯುತ್ತೆ ಅಂತ ಮ್ಯಾಪಿಗೆ ಯಾರೋ ಬರೆದಿದ್ದರೆ ತಾನೇ ಅದು ಕೆಲಸ ಮಾಡೋದು?

ಒಂದು ಜುಲೈ ಸಂಜೆ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಆಚೆ ಒಂದು ಮನೆಗೆ ಪೈಪ್ ಲೋಡು. ಆ್ಯಪು ಆರು ಕಿಲೋಮೀಟರ್ ಉಳಿಯುವ ಒಳದಾರಿ ತೋರಿಸಿತು. ನಾಲ್ಕು ಗಂಟೆಯಾಗಿತ್ತು, ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು, ಬೇಗ ಖಾಲಿ ಮಾಡಿ ಬಂದುಬಿಡೋಣ ಅಂತ ತಿರುಗಿಸಿದೆ. ಸ್ವಲ್ಪ ದೂರ ಟಾರು, ಆಮೇಲೆ ಜಲ್ಲಿ, ಆಮೇಲೆ ಕೆಂಪು ಮಣ್ಣು. ಎಡಕ್ಕೆ ಧರೆ, ಬಲಕ್ಕೆ ಗದ್ದೆ. ಅನುಮಾನ ಬಂತು, ಆದರೆ ಪೈಪು ಹಿಂದಕ್ಕೆ ಚಾಚಿಕೊಂಡಿದೆ, ತಿರುಗಿಸುವುದಕ್ಕೆ ಜಾಗವೇ ಇಲ್ಲ. ಮುಂದೆ ಹೋದೆ. ಮ್ಯಾಪಲ್ಲಿ ನೆಟ್ಟಗೆ ಗೆರೆ ಎಳೆದ ಕಡೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಅದರ ಮೇಲೆ ಎರಡು ಅಡಿಕೆ ಮರದ ಕಾಲುಸಂಕ. ಬೇಸಿಗೆಯಲ್ಲಿ ಹಳ್ಳ ಇಳಿದು ಹತ್ತುವ ಜೀಪಿನ ಗುರುತನ್ನೇ ಅದು ರಸ್ತೆ ಅಂದುಕೊಂಡಿತ್ತೋ ಏನೋ. ಹಿಂದಿನ ಚಕ್ರ ಹೂತುಹೋಯಿತು. ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಅಜ್ಜ ಗದ್ದೆ ಅಂಚಲ್ಲಿ ಬಂದು ಗಾಡಿ ನೋಡಿದರು, ನನ್ನ ಮುಖ ನೋಡಿದರು.

‘ಮೊಬೈಲಲ್ಲಿ ತೋರಿಸ್ತು ಅಂತ ಬಂದ್ರಾ ಮಾರಾಯ್ರೇ? ಹೋದ ವಾರ ಬಂದೋರು ರಾತ್ರಿ ಇಲ್ಲೇ ಉಂಡು ಮಲಗಿ ಹೋದ್ರು.’

ನಾನೂ ಉಂಡೆ. ಕಳಲೆ ಪಲ್ಯ ಹಾಕಿದ್ದರು. ಟ್ರ್ಯಾಕ್ಟರ್ ಬಂದು ಎಳೆದಿದ್ದು ಮಾರನೇ ದಿನ ಬೆಳಗ್ಗೆ.

ಆವತ್ತಿಂದ ಗಿರಾಕಿಗೆ ಫೋನ್ ಮಾಡಿದಾಗ ಕೇಳುವ ಮೊದಲ ಪ್ರಶ್ನೆ: ‘ನಿಮ್ಮನೆಗೆ ಗ್ಯಾಸ್ ಗಾಡಿ ಎಲ್ಲಿವರೆಗೆ ಬರುತ್ತೆ?’ ಸಿಲಿಂಡರ್ ತರುವುದೂ ನಮ್ಮಂಥದ್ದೇ ಗಾಡಿ, ಅದು ಬರುವ ಜಾಗದವರೆಗೆ ನಾವೂ ಹೋಗಬಹುದು. ‘ರಸ್ತೆ ಚೆನ್ನಾಗಿದೆಯಾ’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರು ಓಡಾಡುವುದು ಸ್ಕೂಟರಲ್ಲಿ. ಮಳೆಗಾಲದಲ್ಲಿ ಬಸ್ಸು ಬರುತ್ತಾ ಅಂತಲೂ ಕೇಳಿ. ಬಸ್ ಓಡುವ ದಾರಿ ಹತ್ತು ಕಿಲೋಮೀಟರ್ ಸುತ್ತಾದರೂ ಅದರಲ್ಲೇ ಹೋಗಿ. ಆ್ಯಪ್ ಪದೇಪದೇ ಯೂ ಟರ್ನ್ ಮಾಡಿ ಅನ್ನುತ್ತಿರುತ್ತದೆ, ಅನ್ನಲಿ ಬಿಡಿ. ಇಲ್ಲವೇ ಬಸ್ ದಾರಿಯ ಮೇಲಿನ ಒಂದೆರಡು ಊರನ್ನು ಮಧ್ಯದ ಸ್ಟಾಪ್ ಅಂತ ಸೇರಿಸಿಬಿಟ್ಟರೆ ಬಾಯಿ ಮುಚ್ಚುತ್ತದೆ.

ಎರಡನೇ ತಲೆನೋವು ಮನೆ ಹುಡುಕುವುದು. ಬಯಲುಸೀಮೆ ಥರ ಇಲ್ಲಿ ಊರು ಒಂದೇ ಕಡೆ ಇರುವುದಿಲ್ಲ, ಗುಡ್ಡಕ್ಕೊಂದು ಮನೆ. ಹೆಸರು ಹಾಕಿ ಹುಡುಕಿದರೆ ಮೋಸ ಹೋಗುತ್ತೀರಿ. ಸಿದ್ದಾಪುರ ಅಂದರೆ ಸಾಗರದ ಆಚೆ ಉತ್ತರ ಕನ್ನಡದ್ದೂ ಇದೆ, ಹುಲಿಕಲ್ ಘಾಟಿ ಇಳಿದರೆ ಕುಂದಾಪುರ ಕಡೆಯದ್ದೂ ಇದೆ. ಎರಡೂ ನಮ್ಮ ಲೈನಿಗೇ ಬರುತ್ತವೆ, ದಿಕ್ಕು ಮಾತ್ರ ಪೂರ್ತಿ ಬೇರೆ. ಹಾಗಾಗಿ ವಾಟ್ಸ್‌ಆ್ಯಪ್ ಲೊಕೇಶನ್ ಕೇಳಿ, ಕೇಳುವಾಗ ‘ಈಗ ಮನೆ ಅಂಗಳದಲ್ಲೇ ನಿಂತಿದ್ದೀರಾ’ ಅಂತ ಖಾತ್ರಿ ಮಾಡಿಕೊಳ್ಳಿ. ಒಬ್ಬರು ಪೇಟೆಯ ಹೋಟೆಲಿನಿಂದ ಕಳಿಸಿದ್ದರು. ಇನ್ನೊಬ್ಬರ ಪರವಾಗಿ ಮಗ ಕಳಿಸಿದ, ತೆರೆದು ನೋಡಿದರೆ ಬೆಂಗಳೂರಿನ ವಿಜಯನಗರ. ಅಂಗಳದಲ್ಲಿ ಸಿಗ್ನಲ್ ಇಲ್ಲದವರು ಅಲ್ಲೇ ನಿಂತು ಮ್ಯಾಪ್ ತೆರೆದು ಜಾಗ ಸೇವ್ ಮಾಡಿಕೊಂಡು, ಸಿಗ್ನಲ್ ಬರುವ ದಿಬ್ಬಕ್ಕೆ ಹೋಗಿ ಕಳಿಸುತ್ತಾರೆ. ತಾಳ್ಮೆಯಿಂದ ಹೇಳಿಕೊಟ್ಟರೆ ವಯಸ್ಸಾದವರೂ ಮಾಡುತ್ತಾರೆ.

ಒಂದು ಸಲ ಹೋಗಿ ಬಂದ ಮನೆಯನ್ನು ನಾನೇ ಸೇವ್ ಮಾಡುತ್ತೇನೆ, ಜೊತೆಗೆ ಒಂದು ಸಾಲು. ‘ಡೈರಿ ದಾಟಿ ಬಲಕ್ಕೆ, ಉಣಗೋಲು ತೆಗೆದು ಒಳಗೆ. ಮಳೆಗಾಲದಲ್ಲಿ ಗಾಡಿ ಮೇಲೆಯೇ ನಿಲ್ಲಿಸು. ನಾಯಿ ಇದೆ.’ ಹೀಗೆ ಇನ್ನೂರು ಮುನ್ನೂರು ಮನೆ ಆಗಿವೆ. ಯಾವ ಪೆಟ್ಟಿಗೆಯಲ್ಲೂ ಇದು ಸಿಗುವುದಿಲ್ಲ. ನಿಮ್ಮ ಗೋಡೌನಿನ ಹಳೇ ಡ್ರೈವರ್ ಹತ್ತಿರ ಇಂಥ ಪಟ್ಟಿ ಇದ್ದರೆ ಒಂದು ಟೀ ಕೊಡಿಸಿ ಈಸಿಕೊಳ್ಳಿ.

ದುಡ್ಡು ಹಾಕಬೇಕಾದ ಜಾಗಗಳಲ್ಲಿ ಮೊದಲನೆಯದು ಸ್ಟ್ಯಾಂಡು. ಗಾಜಿಗೆ ಅಂಟುವ ರಬ್ಬರ್ ಬಟ್ಟಲಿನದ್ದು ಬೇಡ, ಮಳೆಗಾಲದ ತೇವಕ್ಕೆ ಬಿಟ್ಟುಕೊಂಡು ತಿರುವಿನಲ್ಲಿ ಸರಿಯಾಗಿ ಕ್ಲಚ್ ಕೆಳಗೆ ಬೀಳುತ್ತದೆ. ನನ್ನದು ಬಿದ್ದಿದೆ. ಸ್ಕ್ರೂ ಹಾಕಿ ಬಿಗಿಯುವಂಥದ್ದು ತಗೊಳ್ಳಿ. ಸ್ಟೀರಿಂಗ್‌ನ ಎಡಕ್ಕೆ ಸ್ವಲ್ಪ ಕೆಳಗೆ ಕೂರಿಸಿ, ರಸ್ತೆಗೆ ಅಡ್ಡ ಬರಬಾರದು. ಏಪ್ರಿಲ್‌ನಲ್ಲಿ ನೇರ ಬಿಸಿಲು ಬಿದ್ದರೆ ಫೋನ್ ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಚಾರ್ಜರ್ ಒಳ್ಳೇ ಕಂಪನಿಯದ್ದು ತಗೊಳ್ಳಿ. ಮುಂದೆ ಲಾರಿಗೆ ಹೋಗುವ ಯೋಚನೆ ಇದ್ದರೆ 12 ಮತ್ತು 24 ವೋಲ್ಟ್ ಎರಡಕ್ಕೂ ಆಗುವಂಥದ್ದು, ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಕಾಡಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಎರಡನೇ ಫೋನಿಗೆ ಹೊಸದು ಬೇಡ, ಮನೆಯಲ್ಲಿ ಬಿದ್ದಿರುವ ಹಳೇ ಫೋನ್ ಸಾಕು, ಸಿಮ್ ಕೂಡ ಬೇಡ.

ಪೊಲೀಸರ ಬಗ್ಗೆ ಕೇಳಿದ್ದಿರಿ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ಕೆಡದ ಹಾಗೆ ಬಳಸಬಹುದು. ಸ್ಟ್ಯಾಂಡ್ ಮೇಲೆ ಇರಲಿ, ಕೈಯಲ್ಲಿ ಬೇಡ.

ಆಫ್‌ಲೈನ್ ಮ್ಯಾಪ್ ಒಂದು ಸಲ ಇಳಿಸಿ ಮರೆತುಬಿಡಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ತುಮರಿ ಕಡೆಯವರು ಹಿನ್ನೀರು ದಾಟುವುದಕ್ಕೆ ಲಾಂಚ್ ಕಾಯುತ್ತಲೇ ಇದ್ದರು. ಸಿಗಂದೂರಿಗೆ ಹೋದವರಿಗೆ ಆ ಸಾಲು ಗೊತ್ತಿರುತ್ತದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ನನ್ನ ಹಳೇ ಫೋನಿನ ಮ್ಯಾಪು ಮಾತ್ರ ಸೇತುವೆ ಮೇಲೆ ಹೋಗುತ್ತಿದ್ದ ನನ್ನನ್ನು ನೀರಿನ ಮಧ್ಯೆ ತೋರಿಸುತ್ತಾ ಲಾಂಚ್ ಹತ್ತು ಅನ್ನುತ್ತಿತ್ತು. ಅದನ್ನು ಹೊಸದು ಮಾಡಿ ಎಂಟು ತಿಂಗಳಾಗಿತ್ತು. ಇನ್ನು ಮಳೆಗಾಲದಲ್ಲಿ ಧರೆ ಕುಸಿದರೆ, ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದರೆ, ಅದು ಮ್ಯಾಪಿಗಿಂತ ಮೊದಲು ಡ್ರೈವರ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ. ಸೇರಿದ ದಿನವೇ ಅಂಥ ಗುಂಪಿಗೆ ನಂಬರ್ ಹಾಕಿಸಿಕೊಳ್ಳಿ.

ಸೋಮವಾರ ಅಂದಿರಲ್ಲ, ಭಾನುವಾರ ರಾತ್ರಿ ಮನೆ ವೈಫೈನಲ್ಲಿ ಕೂತು ಗೂಗಲ್ ಮ್ಯಾಪ್ಸ್‌ನಲ್ಲಿ ಶಿವಮೊಗ್ಗದಿಂದ ಕುಂದಾಪುರದವರೆಗಿನ ಮ್ಯಾಪನ್ನು ಒಂದೇ ಚೌಕದಲ್ಲಿ ಇಳಿಸಿಬಿಡಿ, ಆರಾಮಾಗಿ ಹಿಡಿಸುತ್ತದೆ. ಸಾಗರದ ಮೇಲ್ಗಡೆ ಸೊರಬ, ಸಿದ್ದಾಪುರ ಚೌಕದೊಳಗೆ ಬಂದಿದೆಯಾ ಅಂತ ನೋಡಿಕೊಳ್ಳಿ. ಆಮೇಲೆ ಡೇಟಾ ಆಫ್ ಮಾಡಿ ಒಂದು ಸಲ ದಾರಿ ಹಾಕಿ ಪರೀಕ್ಷಿಸಿ.