ಬಂಪ್ ಆಫ್ ಚಿಕನ್ ಬ್ಯಾಂಡಿನ ಯಾವ ಹಾಡುಗಳು ನಮ್ಮದೇ ಕಥೆ ಅನ್ಸತ್ತೆ?

ಸ್ಪೈ ಎಕ್ಸ್ ಫ್ಯಾಮಿಲಿ ಅನಿಮೆ ನೋಡ್ತಾ 'ಸೂವನೀರ್' ಕೇಳಿ ಈ ಬ್ಯಾಂಡ್ ಪರಿಚಯ ಆಯ್ತು, ಟ್ಯೂನ್ ತುಂಬಾ ಹಿಡಿಸ್ತು, ಆದ್ರೆ ಇವರ ಸಾಹಿತ್ಯ ಕೇಳಿ ಜನ ಕಣ್ಣೀರು ಹಾಕ್ತಾರೆ ಅಂತಾರಲ್ಲ ಅದು ಯಾಕೆ, ಎಲ್ಲಿಂದ ಶುರು ಮಾಡ್ಬೇಕು, ಜಪಾನಿ ಬರದೇ ಇರೋರಿಗೆ ಅದೆಲ್ಲ ಸಿಗತ್ತಾ ಅಂತ ಕೇಳಿದೀರಿ. ಈ ಪ್ರಶ್ನೆ ನೋಡಿ ಸುಮ್ನೆ ಇರೋಕೆ ಆಗ್ಲಿಲ್ಲ, ವರ್ಷಗಟ್ಟಲೆಯಿಂದ ನನ್ನ ಜೊತೆಗಿರೋ ಹಾಡುಗಳಿವು. ಉತ್ತರ ಸ್ವಲ್ಪ ಉದ್ದ ಆಗತ್ತೆ.

ಬಂಪ್ ಆಫ್ ಚಿಕನ್ ಜಪಾನಿನ ಒಂದು ರಾಕ್ ಬ್ಯಾಂಡ್, ನಾಲ್ಕೂ ಜನ ಅಲ್ಲಿನ ಚಿಬಾ ಪ್ರಾಂತ್ಯದ ಸಾಕುರಾ ಅನ್ನೋ ಊರಿನವರು, ಶಿಶುವಿಹಾರದಿಂದ್ಲೇ ಒಟ್ಟಿಗೆ ಬೆಳೆದವರು. ಮೊತೊವೊ ಫುಜಿವಾರಾ ಹಾಡ್ತಾರೆ, ಹಾಡು ಬರೆಯೋದೂ ಹೆಚ್ಚುಕಮ್ಮಿ ಪೂರ್ತಿ ಅವರೇ, ಹಿರೊಆಕಿ ಮಾಸುಕಾವಾ ಗಿಟಾರ್, ಯೊಶಿಫುಮಿ ನಾವೊಯ್ ಬೇಸ್, ಹಿದೆವೊ ಮಾಸು ಡ್ರಮ್ಸ್. ಇವತ್ತಿಗೂ ಅದೇ ನಾಲ್ಕು ಜನ. ಹೆಸರು ವಿಚಿತ್ರವಾಗಿದೆ, ಪುಕ್ಕಲರು ತಿರುಗಿ ಕೊಡೋ ಏಟು ಅನ್ನೋ ಅರ್ಥದಲ್ಲಿ ಇಟ್ಕೊಂಡಿದ್ದು ಅಂತೆ, ಮತ್ತೆ ಇವರ ಹಾಡುಗಳಲ್ಲಿ ಮಾತಾಡೋನು ಹೆಚ್ಚಿನ ಸಲ ಆ ಪುಕ್ಕಲನೇ. ಧೈರ್ಯ ಮಾಡ್ಬೇಕಾದ ಹೊತ್ತಲ್ಲಿ ಮಾಡದೆ, ಆಮೇಲೆ ಅದನ್ನೇ ಹೊತ್ಕೊಂಡು ಓಡಾಡೋ ಮನುಷ್ಯ. ನಮ್ಮಲ್ಲಿ ಸುಮಾರು ಜನ ಹಾಗೇ ಅಲ್ವಾ, ಅದಕ್ಕೇ ಇವು ಇಷ್ಟು ಹತ್ತಿರ ಆಗೋದು ಅಂತ ನನ್ನ ಅನಿಸಿಕೆ.

ಶುರು ಮಾಡೋದಾದ್ರೆ ಕಣ್ಮುಚ್ಚಿ 'ತೆಂತಾಯ್ ಕನ್ಸೊಕು'ನಿಂದ ಶುರು ಮಾಡಿ. 2001ರ ಹಾಡು, ಹೆಸರಿನ ಅರ್ಥ ಆಕಾಶ ವೀಕ್ಷಣೆ. ಜಪಾನಿನಲ್ಲಿ ಎಷ್ಟು ಹಿಟ್ ಆಯ್ತು ಅಂದ್ರೆ ಮುಂದಿನ ವರ್ಷ ಇದೇ ಹೆಸರಿಟ್ಟು ಒಂದು ಟಿವಿ ಧಾರಾವಾಹಿನೇ ಬಂತು. ಕಥೆ ಇಷ್ಟೇ, ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗ ಟೆಲಿಸ್ಕೋಪ್ ಹೊತ್ಕೊಂಡು ರೈಲ್ವೆ ಗೇಟ್ ಹತ್ರ ಹೋಗ್ತಾನೆ, ಸೊಂಟದ ಬೆಲ್ಟಿಗೆ ರೇಡಿಯೋ ಕಟ್ಕೊಂಡಿರ್ತಾನೆ, ಮಳೆ ಬರಲ್ವಂತೆ. ಎರಡು ನಿಮಿಷ ಬಿಟ್ಟು ಅವಳು ಬರ್ತಾಳೆ, ಬೇಕಾದ್ದು ಬೇಡದ್ದು ಎಲ್ಲಾ ಹೊತ್ಕೊಂಡು. ಇಬ್ಬರೂ ಧೂಮಕೇತು ಹುಡುಕ್ತಾರೆ. ಮೊದಲ ಸಲ ಕೇಳಿದಾಗ ಒಳ್ಳೆ ಉತ್ಸಾಹದ ಹಾಡು ಅನ್ಸತ್ತೆ, ಗಿಟಾರು ಹಾಗೆ ಓಡ್ತಿರತ್ತೆ.

ಆದ್ರೆ ಸಾಹಿತ್ಯ ಮುಂದಿಟ್ಕೊಂಡು ಕೇಳಿ. ಬರಲ್ಲ ಅಂದಿದ್ದ ಮಳೆ ಬಂದೇ ಬಿಡತ್ತೆ, ಅವಳು ನೆಂದು, ಅಳು ಬರೋ ಹಾಗಾಗಿ, ಕೈ ನಡುಗ್ತಿರತ್ತೆ, ಇವನು ಆ ಕೈ ಹಿಡ್ಕೊಳ್ಳಲ್ಲ. ಅಷ್ಟೇ ಆಗಿದ್ದು. ಜಗಳ ಇಲ್ಲ, ಬ್ರೇಕಪ್ ಇಲ್ಲ, ಯಾರೂ ಮೋಸ ಮಾಡಿಲ್ಲ. ಕಣ್ಣಿಗೆ ಕಾಣದ್ದನ್ನ ನೋಡ್ಬೇಕು ಅಂತ ಟೆಲಿಸ್ಕೋಪಿಗೆ ಕಣ್ಣಿಟ್ಟ ಹುಡುಗ ಪಕ್ಕದಲ್ಲೇ ಇದ್ದಿದ್ದನ್ನ ನೋಡ್ಲಿಲ್ಲ. ವರ್ಷಗಳು ಕಳೆಯತ್ವೆ, ವಿಳಾಸ ಇಲ್ಲದ ಪತ್ರಗಳು ರಾಶಿ ಬೀಳತ್ವೆ, ನೋವು ಹಾಗೇ ಉಳಿಯತ್ತೆ. ಕೊನೆಗೆ ಅವನು ಮತ್ತೆ ಅದೇ ರಾತ್ರಿ ಎರಡು ಗಂಟೆಗೆ ಅದೇ ಗೇಟ್ ಹತ್ರ ಓಡ್ತಾನೆ, ಎರಡು ನಿಮಿಷ ಬಿಟ್ಟು ಅವಳು ಬರದೇ ಇದ್ರೂ ಪರವಾಗಿಲ್ಲ ಅಂತ ಹೇಳ್ಕೊಂಡು. ಆ ಎರಡು ನಿಮಿಷ ಹಾಡಿನ ಮೊದಲಲ್ಲಿ ಸುಮ್ನೆ ಒಂದು ವಿವರ ಆಗಿತ್ತು, ಕೊನೆಯಲ್ಲಿ ಅದೇ ಎದೆಗೆ ಬಂದು ಕೂರತ್ತೆ. ಒಂದು ಪದಾನೂ ಜಾಸ್ತಿ ಖರ್ಚು ಮಾಡದೆ ಹೀಗೆ ಬರೆಯೋದು ಎಷ್ಟು ಕಷ್ಟ ಅಂತ ಬರೆಯೋಕೆ ಕೂತೋರಿಗೆ ಗೊತ್ತು.

ಇದೇ ಜಾಡಲ್ಲಿ 2002ರ ಡಿಸೆಂಬರಲ್ಲಿ ಬಂದ 'ಸ್ನೋ ಸ್ಮೈಲ್' ಇದೆ. ಚಳಿ ಇರೋದು ಒಳ್ಳೇದೇ, ತಣ್ಣಗಾಗಿರೋ ನಿನ್ನ ಎಡಗೈನ ನನ್ನ ಬಲ ಜೇಬಿಗೆ ಕರೆಯೋಕೆ ಒಂದು ನೆಪ ಸಿಗತ್ತಲ್ಲ ಅಂತಾನೆ. ಎಂಥ ಮುದ್ದಾದ ಸಾಲು ಅನ್ಕೊಂಡು ಕೇಳ್ತಾ ಹೋಗ್ತೀರಿ, ಕೊನೆ ಸಾಲಲ್ಲಿ ಅವಳಿಲ್ಲದ ದಾರಿಯಲ್ಲಿ ಅವನೊಬ್ಬನೇ ನಡೀತಿದಾನೆ ಅಂತ ಗೊತ್ತಾಗತ್ತೆ, ಜೇಬಲ್ಲಿ ಈಗ ಇರೋದು ನೆನಪು ಮಾತ್ರ. 'ಪ್ಲಾನೆಟೇರಿಯಂ' (2005) ಕೂಡ ಕೇಳಿ, ಪುಟ್ಟ ಬಾಡಿಗೆ ರೂಮಿನಂಥ ಜಾಗದಲ್ಲಿ ಒಬ್ಬ ತಾನೇ ತಾರಾಲಯ ಮಾಡ್ಕೊಂಡು, ಆಕಾಶದಲ್ಲಿ ಇಲ್ಲದೇ ಇರೋ ಒಂದು ನಕ್ಷತ್ರಕ್ಕೆ ತೂತು ಕೊರೆದು, ಬೇರೆಯವರ ಮುಂದೆ ಹೇಳೋಕೆ ನಾಚಿಕೆ ಆಗೋ ಒಂದು ಹೆಸರಿಡ್ತಾನೆ. ಯಾರ ಹೆಸರು ಅಂತ ಹಾಡು ಹೇಳಲ್ಲ, ಹೇಳ್ಬೇಕಾಗೂ ಇಲ್ಲ.

ಪ್ರೀತಿ ಪ್ರೇಮ ಬಿಟ್ಟು ಬೇರೆ ಬೇಕು ಅಂದ್ರೆ 'ಗಿಲ್ಡ್'. 2004ರ 'ಯಗ್‌ಡ್ರಸಿಲ್' ಆಲ್ಬಮ್ಮಿನಲ್ಲಿದೆ. ಇದು ಅಷ್ಟು ಫೇಮಸ್ ಅಲ್ಲ ಹೊರಗಿನವರಿಗೆ, ಆದ್ರೆ ನನಗೆ ಒಂದೇ ಹಾಡು ಇಟ್ಕೋ ಅಂದ್ರೆ ಇದನ್ನೇ ಇಟ್ಕೋತೀನಿ. ಮನುಷ್ಯ ಆಗಿರೋದೇ ಒಂದು ಕೆಲಸ, ಯಾರೋ ಕೊಟ್ಟ ಕೆಲಸ, ಸೇರಿ ಎಷ್ಟು ಕಾಲ ಆಯ್ತೋ, ಮಾಡಿದ್ದಕ್ಕೆ ತಕ್ಕ ಸಂಬಳ ಬಂದಿದೆ ಅಂತ ಒಂದು ಚೂರೂ ಅನ್ಸಿಲ್ಲ ಅಂತ ಶುರುವಾಗತ್ತೆ. ತಿಂಗಳ ಕೊನೆಗೆ ಬಸ್ಸಲ್ಲಿ ನಿಂತ್ಕೊಂಡು ಇದನ್ನ ಕೇಳಿದ್ರೆ ಇವನಿಗೆ ನಮ್ಮ ವಿಷ್ಯ ಯಾರು ಹೇಳಿದ್ರು ಅನ್ಸತ್ತೆ. ಆದ್ರೆ ಇದು ಆಫೀಸಿನ ಗೋಳು ಅಲ್ಲ. ಪ್ರೀತಿ ಬೇಕು ಅಂತ ಕೂಗೋದು, ಪ್ರೀತಿ ಸಿಗೋ ಹಾಗಾದ್ರೆ ಹೆದರಿ ಬೋನಿನೊಳಗೆ ಓಡಿ ಕೂರೋದು, ಹೀಗೆ ಬದುಕೋರ ಮನಸ್ಸನ್ನ ಬಿಡಿಸಿ ಇಡತ್ತೆ. ನಡುವೆ ಕೇಳೋ ಪ್ರಶ್ನೆ ನೋಡಿ, ನಾನು ಚೆಂದ ಇಲ್ಲ, ಯಾರಿಗೂ ಒಳ್ಳೇದು ಮಾಡೋಕೂ ಬರಲ್ಲ, ಆದ್ರೂ ಉಸಿರು ನಡೀತಿರೋದಕ್ಕೆ ಕ್ಷಮೆ ಇದೆಯಾ ಅಂತ. ಇಲ್ಲಿ ಬೇರೆ ಯಾವ ಹಾಡಾದ್ರೂ ತಕ್ಷಣ "ಇದೆ, ಖಂಡಿತ ಇದೆ" ಅಂತ ಬೆನ್ನು ತಟ್ತಿತ್ತು. ಇದು ಹಾಗೆ ತಟ್ಟಲ್ಲ, ಪ್ರಶ್ನೆ ಕೇಳಿ ಮೊದ್ಲು ನಮ್ಮ ಪಕ್ಕದಲ್ಲೇ ಕೂರತ್ತೆ, ಪರವಾಗಿಲ್ಲ ಇದ್ದ ಹಾಗೇ ಬದುಕ್ಬೇಕು ಅನ್ನೋ ಮಾತು ಬರೋದು ಕೊನೆಯಲ್ಲಿ. ತೀರಾ ಕುಗ್ಗಿ ಹೋದಾಗ ಎಲ್ಲಾ ಸರಿ ಹೋಗತ್ತೆ ಅನ್ನೋ ಮಾತು ಕಿವಿಗೆ ಹೋಗೋದೇ ಇಲ್ಲ, ಈ ಥರ ಪಕ್ಕದಲ್ಲಿ ಕೂರೋರು ಬೇಕಾಗತ್ತೆ.

ಕಥೆ ಹೇಳೋ ಹಾಡುಗಳು ಇನ್ನೊಂದು ಕಡೆ. 2000ದ 'ದಿ ಲಿವಿಂಗ್ ಡೆಡ್' ಆಲ್ಬಮ್ಮಿನ 'ಕೆ' ಅನ್ನೋ ಹಾಡಲ್ಲಿ ಎಲ್ಲರೂ ಅಪಶಕುನ ಅಂತ ಕಲ್ಲು ಹೊಡೆಯೋ ಕರಿ ಬೆಕ್ಕೊಂದನ್ನ ಒಬ್ಬ ಬಡ ಚಿತ್ರಕಾರ ಸಾಕ್ತಾನೆ, ಹೋಲಿ ನೈಟ್ ಅಂತ ಹೆಸರಿಡ್ತಾನೆ, ಅದರದ್ದೇ ಚಿತ್ರ ಬರೀತಾನೆ, ಕರಿ ಬೆಕ್ಕಿನ ಚಿತ್ರ ಯಾರೂ ಕೊಳ್ಳಲ್ಲ, ಹಸಿವಲ್ಲಿ ಸಾಯೋ ಮುಂಚೆ ಊರಲ್ಲಿ ಕಾಯ್ತಿರೋ ಪ್ರೇಯಸಿಗೆ ಪತ್ರ ಬರೆದು ಬೆಕ್ಕಿನ ಬಾಯಿಗೆ ಕೊಡ್ತಾನೆ. ಆ ಬೆಕ್ಕು ಹಿಮದ ದಾರಿಯಲ್ಲಿ ಏಟು ಬೈಗಳ ತಿನ್ನುತ್ತಾ ಓಡತ್ತೆ, ನಾನು ಹುಟ್ಟಿದ್ದು ಇದಕ್ಕೇ ಅಂತ. ಕೊನೆ ನಾನು ಹೇಳಲ್ಲ, ಹಾಡಿನ ಹೆಸರಿನ ಒಂದೇ ಅಕ್ಷರಕ್ಕೂ ಆ ಕೊನೆಗೂ ಸಂಬಂಧ ಇದೆ, ನೀವೇ ಕೇಳಿ. ನಮ್ಮಲ್ಲೂ ಕರಿ ಬೆಕ್ಕು ಅಡ್ಡ ಬಂದ್ರೆ ಒಂದು ನಿಮಿಷ ನಿಂತು ಹೋಗ್ತಾರಲ್ಲ, ಅದಕ್ಕೇ ಏನೋ ಇದು ನಂಗೆ ಜಪಾನಿನ ಕಥೆ ಅನ್ಸೋದೇ ಇಲ್ಲ. ಹಾಗೇ 2002ರ 'ಜ್ಯುಪಿಟರ್' ಆಲ್ಬಮ್ಮಿನ 'ಡ್ಯಾಂಡಿಲಯನ್', ಎಲ್ಲಾ ಪ್ರಾಣಿಗಳೂ ಹೆದರಿ ಓಡೋ ಒಂಟಿ ಸಿಂಹಕ್ಕೆ ತನ್ನ ಕಂಡು ಹೆದರದ ಒಂದು ಹೂವು ಸಿಗತ್ತೆ. ಕುಣಿಯೋ ಟ್ಯೂನು, ಒಳಗೆ ದುಃಖ.

ಇದೆಲ್ಲ ಬರೀ ಭಾರದ ಹಾಡುಗಳೇ ಆಯ್ತಲ್ಲ ಅನ್ಬೇಡಿ. 2005ರ 'ಸೂಪರ್‌ನೋವಾ' ಎಷ್ಟು ಸಾದಾ ಮಾತಿಂದ ಶುರುವಾಗತ್ತೆ ಅಂದ್ರೆ, ಜ್ವರ ಬಂದಾಗ ನಂಗೆ ಮೈ ಅಂತ ಒಂದಿದೆ ಅಂತ ಗೊತ್ತಾಗತ್ತೆ, ಮೂಗು ಕಟ್ಟಿದಾಗ ಇಷ್ಟು ದಿನ ಉಸಿರಾಡ್ತಿದ್ದೆ ಅಂತ ಗೊತ್ತಾಗತ್ತೆ. ನೆಗಡಿಯಿಂದ ಶುರು ಮಾಡಿ ಇಲ್ಲವಾದ ಮನುಷ್ಯರ ಬೆಲೆವರೆಗೂ ಕರ್ಕೊಂಡು ಹೋಗ್ತಾನೆ. 2014ರ 'ರೇ' ಪೂರ್ತಿ ಬೆಳಕು, ಹಾತ್ಸುನೆ ಮಿಕು ಅನ್ನೋ ಕಂಪ್ಯೂಟರ್ ದನಿಯ ಗಾಯಕಿ ಜೊತೆಗಿರೋ ವಿಡಿಯೋನೂ ಇದೆ, ಅದರಲ್ಲಿ ನೋವು ಮರೆತ್ರೂ ಅಳಿಸಿ ಹೋಗಲ್ಲ, ಅದಕ್ಕೇ ಚಿಂತೆ ಬೇಡ ಅಂತಾನೆ. ನೋವು ಉಳಿಯೋದನ್ನೇ ಸಮಾಧಾನ ಅಂತ ಹೇಳೋ ಹಾಡು ನಾನು ಇನ್ನೆಲ್ಲೂ ಕೇಳಿಲ್ಲ. ಪೊಕೆಮಾನ್ ನೋಡಿ ಬೆಳೆದವರಾದ್ರೆ 2020ರ 'ಅಕೇಶಿಯಾ' ವಿಡಿಯೋ ಒಮ್ಮೆ ನೋಡ್ಲೇಬೇಕು, ಡಂಜನ್ ಮೆಶಿ ಅನಿಮೆ ನೋಡಿದ್ರೆ 'ಸ್ಲೀಪ್ ವಾಕಿಂಗ್ ಆರ್ಕೆಸ್ಟ್ರಾ' ಆಗ್ಲೇ ಕೇಳಿರ್ತೀರಿ. 'ಕರ್ಮ' ಅನ್ನೋ ಹಾಡೂ ಇದೆ, ಹೌದು ನಮ್ಮ ಕರ್ಮನೇ, ಟೇಲ್ಸ್ ಆಫ್ ದಿ ಅಬಿಸ್ ಗೇಮಿಗೆ ಮಾಡಿದ್ದು, ಒಬ್ಬರು ನಿಲ್ಲೋ ಬಿಸಿಲಿನ ತುಂಡಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲ ಅನ್ನೋದರ ಬಗ್ಗೆ.

ಭಾಷೆ ವಿಷ್ಯಕ್ಕೆ ಬಂದ್ರೆ, ಜಪಾನಿ ಬರದೇ ಇದ್ರೂ ಖಂಡಿತ ಸಿಗತ್ತೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಮೊದ್ಲು ಸುಮ್ನೆ ಹಾಡು ಕೇಳಿ, ಎರಡನೇ ಸಲ ಅಭಿಮಾನಿಗಳು ಮಾಡಿರೋ ಇಂಗ್ಲಿಷ್ ಅನುವಾದ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಓದ್ಕೊಂಡು ಕೇಳಿ, ಆದ್ರೆ ಒಂದೇ ಅನುವಾದ ನಂಬ್ಬೇಡಿ, ಎರಡು ಮೂರು ನೋಡಿ, ಯಾಕಂದ್ರೆ ಈ ಹಾಡುಗಳಲ್ಲಿ ಯಾರು ಯಾರಿಗೆ ಹೇಳ್ತಿದಾರೆ ಅನ್ನೋದನ್ನ ಎಷ್ಟೋ ಕಡೆ ಬಿಡಿಸಿ ಹೇಳಿರಲ್ಲ, ಒಬ್ಬೊಬ್ಬರು ಒಂದೊಂದು ಥರ ತುಂಬಿರ್ತಾರೆ. ಇವತ್ತು ರಾತ್ರಿ 'ತೆಂತಾಯ್ ಕನ್ಸೊಕು' ಕೇಳಿ, ನಾಳೆ 'ಸೂಪರ್‌ನೋವಾ', 'ಗಿಲ್ಡ್' ಮಾತ್ರ ಯಾರೂ ಇಲ್ಲದಾಗ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಕೇಳಿದ ಮೇಲೆ ಯಾವುದು ತಟ್ಟಿತು ಅಂತ ಕಾಮೆಂಟಲ್ಲಿ ಹೇಳಿ, ಅದಕ್ಕೆ ತಕ್ಕ ಹಾಗೆ ಮುಂದೆ ಯಾವ ಆಲ್ಬಮ್ ಅಂತ ಬರೀತೀನಿ.